ಅರಸನ ಹೆಸರಿನಲ್ಲಿ

"ಹಾಗಾದ್ರೆ ಅರಸ ಸ್ವಂತ ಮಗನನ್ನೇ ಒತ್ತೆಯಾಳಾಗಿ ಕಳಿಸಿಬಿಟ್ಟನಾ, ಮಿಸ್?" ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದಾಗ ನಿಹಾರಿಕಾ, ಮೇಜಿನ ಮೇಲೆ ನಡುಗುತ್ತಿದ್ದ ಫೋನನ್ನು ಬೋರಲು ಹಾಕಿದಳು.

"ಇಲ್ಲ. ಮಂಗೋಲರು ಮಗನನ್ನು ಕೇಳಿದರು. ಕೊರಿಯಾದವರು ನೆಂಟನೊಬ್ಬನನ್ನು ಮಗನೆಂದು ಹೇಳಿ ಕಳಿಸಿದರು."

ತರಗತಿ ನಕ್ಕಿತು. ಸುಬಾಂಗ್ ಜಯಾ ಎಂಬ ಪರದೇಶದ ಊರಿನ ಈ ಕಾಲೇಜಿನಲ್ಲಿ ಅದುವರೆಗೆ ಮಧ್ಯಯುಗದ ಕೊರಿಯಾ ಯಾರನ್ನೂ ನಗಿಸಿದ್ದಿಲ್ಲ.

"ನಿಜವಾದ ಬಾಸ್ ಯಾರು ಲಾ?" ಇನ್ನೊಬ್ಬ ಹುಡುಗ ಇಲ್ಲಿನವರ ಧಾಟಿಯಲ್ಲಿ ಕೇಳಿದ.

"ಸೇನಾಧಿಪತಿ. ಆಸ್ಥಾನವನ್ನು ದ್ವೀಪಕ್ಕೆ ಸಾಗಿಸಿದವನೂ ಅವನೇ. ಆಜ್ಞೆ ಮಾತ್ರ ಅರಸನ ಹೆಸರಿನಲ್ಲಿ. ಅರಸನ ಹತ್ತಿರ ದೂರು ಒಯ್ಯುವಷ್ಟು ದಡ್ಡರು ಅಲ್ಲಿರಲಿಲ್ಲ."

ಚೆನ್ನಾಗಿ ಹೇಳಿದೆ ಅನ್ನಿಸಿತು ಅವಳಿಗೆ.

ಫೋನಿನಲ್ಲಿ ಮೈದುನ ಸುಜಿತ್‌ನ ಮೆಸೇಜು: 'ಅತ್ತಿಗೆ, ಇಂಚರಾ ವಿಷಯ ಇವತ್ತು ಫೈನಲ್ ಮಾಡೋಣ. ಅಮ್ಮನ ಆಸೆ.'

ಗಂಡ ಮನೀಷ್ ತೀರಿಕೊಂಡ ಮೇಲೆ ಅತ್ತೆಯೂ ಮೈದುನನೂ ಇವಳ ಫ್ಲಾಟಿಗೇ ಬಂದಿದ್ದರು. ಅಂದಿನಿಂದ ಎಲ್ಲವೂ ಅಮ್ಮನ ಆಸೆ. ಕಾರು ಮಾರಿದ್ದು, ಗಂಡನ ಶರ್ಟುಗಳನ್ನು ಬ್ರಿಕ್‌ಫೀಲ್ಡ್ಸ್‌ನ ದೇವಸ್ಥಾನಕ್ಕೆ ಕೊಟ್ಟದ್ದು, ಈಗ ಮಗಳು ಇಂಚರಾಳನ್ನು ಅಜ್ಜಿಯ ಜೊತೆ ಮೈಸೂರಿಗೆ ಕಳಿಸುವುದು. ಅಮ್ಮ ಬಾಯಿಬಿಟ್ಟು ಆಸೆಪಟ್ಟದ್ದನ್ನು ನಿಹಾರಿಕಾ ಒಮ್ಮೆಯೂ ಕೇಳಿರಲಿಲ್ಲ.

ಮಗಳನ್ನು ಕೊಡುವುದಿಲ್ಲ. ರೈಲಿನಲ್ಲಿ ನಿಂತು ಅದನ್ನೇ ಹೇಳಿಕೊಂಡಳು. ಸಿಟ್ಟು ಬರಲಿ ಎಂದು ಕಾದಳು. ನಿಲ್ದಾಣ ಬಂತು.

ಸುಜಿತ್ ಸೈಬರ್‌ಜಯಾದ ಆಫೀಸಿನಿಂದ ಬೇಗ ಬಂದಿದ್ದ. ದಾರಿಯ ಮಮಕ್ ಹೋಟೆಲಿನಲ್ಲಿ ರೊಟಿ ಚನಾಯ್ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿ ತಂದಿದ್ದ. ಹಾಲ್‌ನಲ್ಲಿ ಮಗಳ ಸೂಟ್‌ಕೇಸು ಆಗಲೇ ತುಂಬಿತ್ತು.

"ತಿನ್ನಿ ಅತ್ತಿಗೆ, ಆರಿಹೋಗತ್ತೆ. ಮೈಸೂರಲ್ಲಾದ್ರೆ ಮಗೂನ ನೋಡ್ಕೊಳ್ಳೋಕೆ ಜನ ಇದ್ದಾರೆ. ನಿಮಗೂ ರೆಸ್ಟ್."

"ಅವಳ ಸ್ಕೂಲು?"

"ಸೀಟ್ ಆಗಿದೆ. ಅಮ್ಮನೇ ಹೇಳಿದ್ರು, ತಡ ಮಾಡೋದು ಬೇಡ ಅಂತ."

ಕಳಿಸಲಾರೆ ಎನ್ನಲು ಬಾಯಿ ತೆರೆದಳು. ಸೊಸೆಯ ನಾಲಿಗೆಗೆ ರೂಢಿಯಾದ ಮಾತೇ ಹೊರಬಿತ್ತು: "ಅತ್ತೆ, ನೀವು ಹೇಗೆ ಹೇಳ್ತೀರೋ ಹಾಗೆ."

ಆಡಿದ ಮೇಲೆ ಅದರಲ್ಲೊಂದು ಜಾಣತನ ಕಂಡಿತು. ಮಗು ಇಲ್ಲೇ ಇರಲಿ ಎಂದು ಅತ್ತೆ ಒಂದು ಮಾತು ಹೇಳಿದರೆ ಸುಜಿತ್ ಏನು ಮಾಡಿಯಾನು?

ಅತ್ತೆ ಸರೋಜಮ್ಮ ರೊಟಿಯ ಚೂರನ್ನು ದಾಲ್‌ನಲ್ಲಿ ಅದ್ದಿ ಮಗನ ಮುಖ ನೋಡಿದರು. "ನಂಗೇನು ತಿಳಿಯತ್ತಮ್ಮಾ. ಅವನು ಎಲ್ಲಾ ಯೋಚನೆ ಮಾಡಿರ್ತಾನೆ."

"ಸರಿ ಬಿಡಿ, ಇಬ್ರೂ ಒಪ್ಪಿದ ಹಾಗಾಯ್ತು," ಎಂದ ಸುಜಿತ್. ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ನಿಜಕ್ಕೂ ಹಗುರಾಗಿದ್ದ.

"ಇಟ್ಸ್ ಓಕೆ, ಮಮ್ಮಿ," ಎಂದಳು ಇಂಚರಾ. "ಚಿಕ್ಕಪ್ಪ ಸೆಡ್ ಯೂ ಆರ್ ಟೈರ್ಡ್."

ಸುಜಿತ್ ಲಗೇಜು ತೂಗುವ ಕೈಮಾಪಕ ತಂದ.

"ಮೀ ಫಸ್ಟ್!" ಮಗು ಅದರ ಪಟ್ಟಿಯನ್ನು ಎರಡೂ ಕೈಗಳಲ್ಲಿ ಹಿಡಿದು ಜೋತುಬಿತ್ತು. ಅವನು ಉಸಿರು ಬಿಗಿಹಿಡಿದು ಎತ್ತಿದ. ಪುಟ್ಟ ಪಾದಗಳು ನೆಲ ಬಿಟ್ಟವು. ಅಂಕಿಗಳು ಏರಿದವು, ಇಳಿದವು, ಎಲ್ಲೂ ನಿಲ್ಲಲಿಲ್ಲ.

"ಸುಮ್ನೆ ಇರೇ ಕೋತಿ, ನಂಬರ್ ನೋಡೋಕಾಗ್ತಿಲ್ಲ," ಎಂದ ಸುಜಿತ್.

ಅತ್ತೆ ಕನ್ನಡಕ ಹಾಕಿಕೊಂಡು ಮುಂದೆ ಬಾಗಿದರು. ತೂಕ ಎಷ್ಟೆಂದು ನೋಡಲು ನಿಹಾರಿಕಾಳೂ ಬಾಗಿದಳು.