ಟೀಗೆ ಬೆರೆಸಿದ ಮಾತ್ರೆ

ವಯಸ್ಸಾದವರಿರುವ ಮನೆಯಲ್ಲಿ ಈ ರಗಳೆ ಇದ್ದದ್ದೇ: ಮಾತ್ರೆ ನುಂಗಿ ಅಂದರೆ ನುಂಗುವುದಿಲ್ಲ. ನಮ್ಮ ಬೀದಿಯ ಟೈಲರಮ್ಮನೂ ಅಷ್ಟೇ. ಬಿಪಿ ಮಾತ್ರೆ ತಂದುಕೊಟ್ಟರೆ "ನಂಗೆ ಬೇಡ" ಎಂದು ಪಕ್ಕಕ್ಕೆ ಸರಿಸಿ ಹೊಲಿಗೆ ಯಂತ್ರ ತುಳಿಯುತ್ತಿದ್ದರು. ಆಮೇಲಾಮೇಲೆ ಮನೆಯಲ್ಲಿ ಆ ಮಾತೇ ನಿಂತುಹೋಯಿತು.

ಒಂದು ದಿನ ಅಂಗಿಗೆ ತೋಳು ಕೂಡಿಸುವಾಗ ಅವರಿಗೆ ಕಣ್ಣು ಕತ್ತಲೆ ಬಂತು. ಸೂಜಿ ಬೆರಳಿಗೇ ಇಳಿಯಿತು. ಪಕ್ಕದ ಮನೆಯ ನರ್ಸಕ್ಕ ಓಡಿಬಂದು ಬೆರಳಿಗೆ ಪಟ್ಟಿ ಕಟ್ಟಿ, ಬಿಪಿ ನೋಡಿ ಬೆಚ್ಚಿಬಿದ್ದರು.

"ಇಷ್ಟು ಕೆಳಗಿಳಿದಿದೆಯಲ್ಲ! ಏನು ತಗೊಂಡ್ರಮ್ಮಾ?"

"ನಾನೆಲ್ಲಿ ಮಾತ್ರೆ ಮುಟ್ತೀನಿ?"

ಬಾಗಿಲಲ್ಲಿದ್ದ ಮಗನ ಮುಖ ಬಿಳಿಚಿಕೊಂಡಿತು. "ದಿನಾ ಪುಡಿ ಮಾಡಿ ಟೀಗೆ ಹಾಕ್ತಿದ್ವಿ ಅಕ್ಕಾ. ಇವತ್ತೂ ಹಾಕ್ದೆ."

"ಅಯ್ಯೋ, ನೀವೂ ಹಾಕಿದ್ರಾ? ನಾನೂ ಹಾಕ್ದೆನಲ್ರೀ!" ಸೊಸೆ ಕಿರುಚಿದಳು.

ಟೈಲರಮ್ಮ ಮಗನನ್ನು ಗುರುತೇ ಇಲ್ಲದವನನ್ನು ನೋಡುವಂತೆ ನೋಡಿದರು. "ನಿನ್ನ ಕೈಯಿಂದ ಇಸ್ಕೊಂಡು ಕುಡಿದೆ ಕಣೋ..."

ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದರು. ನರ್ಸಕ್ಕನೂ ಜೊತೆಗೆ ಹೋದರು. ಜೀವಕ್ಕೆ ಅಪಾಯವಿಲ್ಲ ಎಂದಾದ ಮೇಲೆ ಮಗ ಮಂಚದ ಪಕ್ಕ ನಿಂತು ಗೊಣಗಿದ. "ಒಳ್ಳೇದಕ್ಕೇ ಮಾಡಿದ್ದಲ್ವಾ ಅಕ್ಕಾ? ಅಮ್ಮಂಗೆ ಹಠ."

"ಯಾಕೆ ಬೇಡ ಅಂತಾರೆ ಅಂತ ಕೇಳಿದ್ಯಾ ತಮ್ಮಾ?" ಎಂದರು ನರ್ಸಕ್ಕ.

ಟೈಲರಮ್ಮನೇ ಹೇಳಿದರು: "ಅದನ್ನ ನುಂಗಿದ್ರೆ ತಲೆ ತಿರುಗುತ್ತೆ, ಹೊಲಿಗೆ ಸೊಟ್ಟಗೆ ಹೋಗುತ್ತೆ. ಮುಟ್ಟದಿದ್ರೂ ಯಾಕೆ ತಿರುಗ್ತಿತ್ತು ಅಂತ ಈಗ ಗೊತ್ತಾಯ್ತು. ಹೇಳೋಕೆ ಬಂದ್ರೆ ಯಾರು ಕೇಳ್ತೀರಿ?"

"ಬೇರೆ ಮಾತ್ರೆ ಇರುತ್ತಮ್ಮಾ, ಡಾಕ್ಟರನ್ನ ಕೇಳೋಣ," ಎಂದರು ನರ್ಸಕ್ಕ.

"ಅದೂ ಬೇಡ ಅಂದ್ರೆ? ನಾನು ಸುಮ್ನೆ ನೋಡ್ತಾ ಕೂರ್ಲಾ?" ಮಗ ಕೇಳಿದ.

"ಕೂರಬೇಡ. ಬೇಡ್ಕೋ, ಜಗಳ ಆಡು, ಅಳು. ಬುದ್ಧಿ ನೆಟ್ಟಗಿರೋ ತನಕ ಜೀವ ಅವರ್ದು, ತೀರ್ಮಾನಾನೂ ಅವರ್ದೇ. ಕದ್ದು ಮಾತ್ರ ಹಾಕ್ಬೇಡ."

ಬಿಪಿ ಸರಿಹೋದ ಮೇಲೆ ಡಾಕ್ಟರು ಬೇರೆ ಮಾತ್ರೆ ಬರೆದರು. ನುಂಗದಿದ್ದರೆ ಏನಾಗುತ್ತದೆ ಎಂದು ಟೈಲರಮ್ಮ ಕೇಳಿದರು. ಲಕ್ವ ಹೊಡೆದು ಕೈಕಾಲು ಬಿದ್ದುಹೋಗಬಹುದು ಎಂದು ಡಾಕ್ಟರು ಬಿಡಿಸಿ ಹೇಳಿದರು. ಟೈಲರಮ್ಮನೇ ಚೀಟಿಗೆ ಕೈ ಚಾಚಿದರು. "ಕೊಡಿ ಇಲ್ಲಿ."

ಮನೆಗೆ ಬಂದ ಮೇಲೆ ಮಗ ಟೀ ತಂದ. ಅವರು ಮುಟ್ಟಲಿಲ್ಲ. "ಸದ್ಯಕ್ಕೆ ನಾನೇ ಮಾಡ್ಕೋತೀನಪ್ಪ."

"ಸರಿ ಅಮ್ಮಾ. ತಪ್ಪು ನಮ್ದೇ," ಎಂದು ಲೋಟ ಹಿಡಿದುಕೊಂಡೇ ನಿಂತ.

ಓದುತ್ತಿರುವ ಅಣ್ಣ, ಅಕ್ಕ, ನಿಮ್ಮ ಮನೆಯಲ್ಲೂ ಹೇಳದೆ ಔಷಧ ಬೆರೆಸುತ್ತಿದ್ದರೆ ಇವತ್ತೇ ಅವರ ಮುಂದೆ ಕೂತು ಹೇಳಿಬಿಡಿ. ಡಾಕ್ಟರಿಗೂ ತಿಳಿಸಿ. ಯಾಕೆ ಬೇಡ ಎನ್ನುತ್ತಾರೆಂದು ಕೇಳಿ. ಅವರು ಹೇಳಿ ಮುಗಿಸುವ ತನಕ ನಡುವೆ ಬಾಯಿ ಹಾಕಬೇಡಿ.