ಜೋತುಬಿದ್ದ ದೀಪ

ಬಾಡಿಗೆ ಮನೆಯ ತಪಾಸಣೆಗೆ ಮಾಲೀಕರ ಕಡೆಯ ಏಜೆಂಟರು ಬರುತ್ತಾರೆಂದರೆ ಇಪ್ಸ್ವಿಚ್ ಊರಿನ ಮುದುಕಿಯರಿಗೆಲ್ಲ ಜ್ವರ ಬಂದಂತೆ. ಥೆಲ್ಮಾಳದಂತೂ ಕೇಳುವುದೇ ಬೇಡ. ಒಲೆ ಉಜ್ಜಿದಳು, ಕಿಟಕಿಯ ಸಂದಿಗೊಂದಿಯೆಲ್ಲ ಒರೆಸಿದಳು. ಅದೂ ಸಾಲದೆಂದು ಸ್ಟೂಲ್ ಹತ್ತಿ, ಪಡಸಾಲೆಯ ಸೀಲಿಂಗ್ ದೀಪದ ಗಾಜಿನೊಳಗೆ ಸತ್ತುಬಿದ್ದಿದ್ದ ಪತಂಗಗಳನ್ನು ತೆಗೆಯಲು ಹೋದಳು. ಅವನ್ನು ಯಾವ ಪುಣ್ಯಾತ್ಮ ನೋಡುತ್ತಿದ್ದ? ಗಾಜು ತಿರುಗಿಸುತ್ತಲೇ ದೀಪ ಬುಡಸಮೇತ ಕಿತ್ತುಬಂದು ವೈರಿನಲ್ಲಿ ಜೋತಾಡಿತು.

"ಏನೇ ಅದು ಸದ್ದು?" ಅಡುಗೆಮನೆಯಿಂದ ತಂಗಿ ಐವಿ ಕೂಗಿದಳು.

ಐವಿಗೆ ಕಣ್ಣಿಲ್ಲ. ಆದರೂ ಆ ಮನೆಯಲ್ಲಿ ಗೋಡೆ ಸವರಿಕೊಂಡು ತಾನೇ ಓಡಾಡುವಳು, ತಾನೇ ಚಹಾ ಮಾಡುವಳು, ಹಿತ್ತಿಲಲ್ಲಿ ಬಟ್ಟೆಯನ್ನೂ ಹರವಿ ಬರುವಳು. ಬೇರೆ ಮನೆಗೆ ಹೋದರೆ ಕೈಕಾಲು ಕಟ್ಟಿಹಾಕಿದಂತೆಯೇ. ಅದು ಅಕ್ಕತಂಗಿಯರಿಬ್ಬರಿಗೂ ಗೊತ್ತಿತ್ತು.

ಪಕ್ಕದ ಮನೆಯ ಕ್ಲಾರಿ ಸ್ಕ್ರೂಡ್ರೈವರ್ ಹಿಡಿದು ಬಂದ. "ಏಜೆಂಟರಿಗೆ ಹೇಳೋಕ್ ಹೋಗ್ಬೇಡ ಮಾರಾಯ್ತಿ. ಎರಡು ಸ್ಕ್ರೂ ಬಿಗಿದ್ರೆ ಮುಗೀತು."

"ಲೈಸೆನ್ಸ್ ಇಲ್ದೋರು ಕರೆಂಟ್ ಮುಟ್ಟಬಾರ್ದು, ಕ್ಲಾರಿ. ಬೆಂಕಿ ಹತ್ಕೊಂಡ್ರೆ ಇವಳು ಎಲ್ಲಿಗೆ ಓಡ್ತಾಳೆ?"

"ನಿನ್ನ ನಿಯತ್ತಿಗಿಷ್ಟು!" ಎಂದು ಗೊಣಗಿಕೊಂಡು ಅವನು ಹೋದ. ಥೆಲ್ಮಾ ಏಜೆಂಟರಿಗೆ ಫೋನ್ ಮಾಡಿದಳು.

ಬಂದ ಎಲೆಕ್ಟ್ರಿಷಿಯನ್ ಒಳ್ಳೆಯವನೇ. ಸೀಲಿಂಗಿನ ತೂತಿಗೆ ಟಾರ್ಚ್ ಬಿಟ್ಟು ನೋಡಿದರೆ ಹಳೆಯ ವೈರುಗಳ ರಬ್ಬರೆಲ್ಲ ಪುಡಿಪುಡಿ. "ಇದನ್ನ ನೋಡಿ ಸುಮ್ನೆ ಹೋಗೋ ಹಾಗಿಲ್ಲಮ್ಮ," ಎಂದು ಇಡೀ ಮನೆಯ ಕರೆಂಟು ತೆಗೆದು ಹೋದ. ಮಾಲೀಕನೋ, ಈ ಹಳೇ ಮನೆಗೆ ಹೊಸ ವೈರು ಯಾಕೆ, ಕೆಡವಿ ಜಾಗ ಮಾರುತ್ತೇನೆ ಎಂದ. ಖಾಲಿ ಮಾಡಿ ಎಂದು ಹೇಳಿದ ಏಜೆಂಟ್ ಹುಡುಗಿ, ದೀಪದ ವಿಷಯ ತಿಳಿಸಿದ್ದಕ್ಕೆ ಥ್ಯಾಂಕ್ಸ್ ಅಂತ ಬೇರೆ ಅಂದಳು. ಸುಡುಗಾಡು ಥ್ಯಾಂಕ್ಸ್!

ಈ ಕಾಲದಲ್ಲಿ ಬಾಡಿಗೆ ಮನೆ ಸುಲಭಕ್ಕೆ ಸಿಗುತ್ತದೆಯೇ? ಅಲೆದು ಅಲೆದು ಊರಾಚೆ ಒಂದು ಗೂಡಿನಂಥ ಮನೆ ಸಿಕ್ಕಿತು. ಅಲ್ಲಿ ಐವಿ ಮೊದಲು ಬಾಗಿಲಿಗೆ ಹಣೆ ಬಡಿಸಿಕೊಂಡಳು, ಆಮೇಲೆ ಬಚ್ಚಲಲ್ಲಿ ಜಾರಿಬಿದ್ದಳು. ಅಂದಿನಿಂದ ಮಂಚ ಬಿಟ್ಟು ಏಳಲಿಲ್ಲ.

"ನಾನೇ ಹಾಳುಮಾಡ್ದೆ ಕಣೇ," ಎಂದು ಥೆಲ್ಮಾ ಅತ್ತಳು.

"ಹೂಂ, ನೀನೇ," ಎಂದಳು ಐವಿ. ದನಿಯಲ್ಲಿ ಕೋಪ ಕೂಡ ಇರಲಿಲ್ಲ. "ಇನ್ನು ಒಂದ್ಲೋಟ ನೀರಿಗೂ ನಿನ್ನನ್ನೇ ಕೂಗ್ಬೇಕು. ನಿಂಗೂ ಎಂಬತ್ತಾಯ್ತು. ನೀನು ಹೋದ್ಮೇಲೆ ಯಾರನ್ನ ಕೂಗ್ಲಿ, ಹೇಳು."

ಥೆಲ್ಮಾ ಕಣ್ಣೊರೆಸಿಕೊಂಡು ನೀರು ತರಲು ಎದ್ದಳು.