ಒಂದೇ ಚೀಟಿಯ ಎರಡು ಪೆಟ್ಟಿಗೆ

ಸ್ಟುಡಿಯೋದ ಹಳೆಯ ಕಂಪ್ಯೂಟರು ಕೈಕೊಟ್ಟಾಗ ಫೋಟೋದವನು ತಲೆಯ ಮೇಲೆ ಕೈ ಹೊತ್ತು ಕೂತ. ಅವನ ಹೊಟ್ಟೆಪಾಡು ನಡೆಯುತ್ತಿದ್ದದ್ದೇ ಅದರಿಂದ. ಎದುರುಬದುರಿನ ಎರಡು ಅಂಗಡಿಗಳಲ್ಲಿ ಬೇರೆ ಬೇರೆ ಕಂಪನಿಯ ಡೆಸ್ಕ್‌ಟಾಪ್ ನೋಡಿಕೊಂಡು ಬಂದ. ಹೊರಗೆ ಅಂಟಿಸಿದ ಚೀಟಿ ಎರಡರದ್ದೂ ಒಂದೇ: ಅದೇ ಪ್ರೊಸೆಸರ್, ಅಷ್ಟೇ ಮೆಮೊರಿ, ಅಷ್ಟೇ ದೊಡ್ಡ ಡಿಸ್ಕ್. ಬೆಲೆ ಮಾತ್ರ ಒಂದರದ್ದು ಬಹಳ ಕಡಿಮೆ.

ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ತಂಗಿ ಅವಸರ ಬೇಡವೆಂದಳು. ಡಿಸ್ಕ್ ಹೊಸದೋ ಹಳೆಯದೋ, ಪರದೆ ಬೆಲೆಯಲ್ಲಿ ಸೇರಿದೆಯೋ ಇಲ್ಲವೋ, ಕೆಟ್ಟರೆ ಯಾರು ರಿಪೇರಿ ಮಾಡಿಕೊಡುತ್ತಾರೆ, ಎಲ್ಲವನ್ನೂ ಎರಡೂ ಕಡೆ ಬರೆಸಿಕೊಂಡು ಪಕ್ಕಪಕ್ಕ ಇಟ್ಟು ನೋಡು ಎಂದಳು. ಫೋಟೋದವನಿಗೆ ನಗು ಬಂತು. ಬದುಕೆಲ್ಲ ಚಿತ್ರ ನೋಡಿ ಕಣ್ಣು ಪಳಗಿದವನು ಅವನು. ಎರಡೂ ಅಂಗಡಿಯಲ್ಲಿ ತಾನೇ ತೆಗೆದ ಒಂದು ಫೋಟೋ ಹಾಕಿಸಿ ನೋಡಿ, ಪ್ರಿಂಟನ್ನು ಅಳೆದಂತೆ ಕಂಪ್ಯೂಟರನ್ನೂ ಅಳೆದು ಬಂದಿದ್ದ.

“ಅಗ್ಗದ್ದರಲ್ಲೇ ಬಣ್ಣ ಚೆನ್ನಾಗಿ ಕಾಣ್ತು ಕಣೆ. ಒಳಗೇನಿದ್ರೆ ನನಗೇನು?” ಅಂದ.

“ಬಣ್ಣ ತೋರಿಸೋದು ಪರದೆ, ಅಣ್ಣ. ನಿನ್ನ ಫೋಟೋ ಇರೋದು ಒಳಗೆ,” ಅಂದಳು ತಂಗಿ.

ಅವಳ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಅಗ್ಗದ್ದನ್ನೇ ಹೊತ್ತು ತಂದ.

ಮೊದಮೊದಲು ಎಲ್ಲ ಸಲೀಸಾಗಿ ನಡೆಯಿತು. ಆ ನಡುವೆ ಪಕ್ಕದ ಬೇಕರಿಯವನು ಅವನನ್ನು ಆಸ್ಪತ್ರೆಗೆ ಕರೆದೊಯ್ದ. ಬೇಕರಿಯವನ ಹೆಂಡತಿಗೆ ಹುಟ್ಟಿದ ಕೂಸು ಉಳಿಯುವುದಿಲ್ಲವೆಂದು ವೈದ್ಯರು ಹೇಳಿದ್ದರು. ಫೋಟೋದವನು ಕೂಸಿನ ಫೋಟೋ ತೆಗೆದ. ಸ್ಟುಡಿಯೋಗೆ ಬಂದು, ಎಂದಿನ ರೂಢಿಯಂತೆ ಕಂಪ್ಯೂಟರಿಗೆ ಹಾಕಿ ಕ್ಯಾಮೆರಾ ಖಾಲಿ ಮಾಡಿದ. ಸಂಜೆಯೊಳಗೆ ಕೂಸು ಹೋಯಿತು.

ಆ ಫೋಟೋ ನೋಡುವ ಧೈರ್ಯ ಹೆತ್ತವರಿಗೆ ಕೂಡಲೇ ಬರಲಿಲ್ಲ. ಬಂದಾಗ ಡಿಸ್ಕ್ ಕೆಟ್ಟು ಕೂತಿತ್ತು. ತಂಗಿ ಪೆಟ್ಟಿಗೆ ಬಿಚ್ಚಿ ನೋಡಿದಳು. ಎಲ್ಲೋ ಸವೆದುಹೋದ ಹಳೆಯ ಡಿಸ್ಕನ್ನು ಒರೆಸಿ ಕೂರಿಸಿದ್ದರು. ಬೆಲೆ ಇಳಿದದ್ದು ಅಲ್ಲೇ. ರಿಪೇರಿಯವರೆಲ್ಲ ಕೈಚೆಲ್ಲಿದರು. ಅಂಗಡಿಯವನು, ಹೊಸದು ಅಂತ ನಾನೆಲ್ಲಿ ಹೇಳಿದೆ, ನೀವೂ ಕೇಳಲಿಲ್ಲವಲ್ಲ ಎಂದು ಜಾರಿಕೊಂಡ. ನಿಜ, ಇವನು ಕೇಳಿರಲಿಲ್ಲ.

ಬೇಕರಿಯವನು ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಅವನ ಹೆಂಡತಿ ಕೌಂಟರ್ ಹಿಡಿದು ನಿಂತಳು.

“ಮಗು ಮೂಗು ಯಾರ ಥರ ಇತ್ತು ಅಣ್ಣ? ಆವತ್ತು ಅಳ್ತಾ ಇದ್ದೆ, ಸರಿಯಾಗಿ ನೋಡ್ಲಿಲ್ಲ. ನೀವು ನೋಡಿದ್ರಲ್ಲ, ಹೇಳಿ.”

ಬದುಕೆಲ್ಲ ಚಿತ್ರ ನೋಡಿದವನಿಗೆ ಆ ಮೂಗು ನೆನಪಾಗಲಿಲ್ಲ. ನಾಚಿಕೆಯಿಂದ ಕುಗ್ಗಿಹೋದ.

ಮುಂದಿನ ಸಲ ಅಣ್ಣ ತಂಗಿ ಒಟ್ಟಿಗೇ ಹೋದರು. ಒಂದೊಂದು ಭಾಗವನ್ನೂ ವಿಚಾರಿಸಿ ಬಿಲ್ಲಿನಲ್ಲಿ ಬರೆಸಿದರು. ಎಲ್ಲವೂ ಸರಿಸಮ ಇರುವಂತೆ ಕೇಳಿದಾಗ ಎರಡು ಕಂಪನಿಗಳ ಬೆಲೆಯಲ್ಲಿ ಹೆಚ್ಚು ಅಂತರವೇ ಇರಲಿಲ್ಲ. ಫೋಟೋಗಳ ಇನ್ನೊಂದು ಪ್ರತಿ ಇಡಲು ಬೇರೆ ಡಿಸ್ಕನ್ನೂ ತಂದರು. ಹೊಸ ಕಂಪ್ಯೂಟರು ಚೆನ್ನಾಗಿಯೇ ನಡೆಯುತ್ತಿದೆ. ಬೇಕರಿಯವನ ಹೆಂಡತಿಗೆ ಕೊಡಲು ಮಾತ್ರ ಅದರಲ್ಲಿ ಏನೂ ಇಲ್ಲ.

ನೀವೂ ಕಂಪ್ಯೂಟರ್ ಕೊಳ್ಳಲು ಹೊರಟಿದ್ದೀರಾ? ಹೊರಗಿನ ಚೀಟಿ ನೋಡಿ ಬೆಲೆ ಹೋಲಿಸಬೇಡಿ. ಒಳಗೆ ಏನಿದೆ, ಹೊಸದೇ, ಕೆಟ್ಟರೆ ಯಾರು ಹೊಣೆ ಎಂದು ಎರಡೂ ಕಡೆ ಕೇಳಿ ಬರೆಸಿಕೊಳ್ಳಿ. ಬೆಲೆಯ ಮಾತು ಆಮೇಲೆ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ. ಅದರೊಳಗೆ ನೀವು ಇಟ್ಟದ್ದು ಹೋದರೆ ಅವನು ವಾಪಸು ಕೊಡಲಾರ.